ಯಾರದೋ ರಕ್ತ

ರಕ್ತದ ಮೊದಲ ಹನಿ ಕೊಳವೆಗೆ ಇಳಿಯುತ್ತಿದ್ದಂತೆ ಅಕ್ಕ ಉಸಿರು ಬಿಗಿಹಿಡಿದು ತಂಗಿಯ ತೋಳನ್ನೇ ನೋಡಿದಳು. ಹೋದ ಸಲ ರಕ್ತ ಕೊಟ್ಟಾಗ ಆ ತೋಳಿನ ತುಂಬ ದದ್ದು ಎದ್ದು, ಮಂಚವೇ ಅಲುಗುವಷ್ಟು ನಡುಕ ಬಂದು, ಅರ್ಧಕ್ಕೇ ನಿಲ್ಲಿಸಬೇಕಾಗಿತ್ತು.

"ಈ ಸಲ ಮೊದಲೇ ಇಂಜೆಕ್ಷನ್ ಕೊಟ್ಟಿದ್ದೀವಲ್ಲ. ಆದರೂ ನಾನು ಇಲ್ಲೇ ಇರ್ತೀನಿ," ಎಂದು ನರ್ಸ್ ಸ್ಟೂಲ್ ಎಳೆದುಕೊಂಡು ಕೂತಳು.

ದದ್ದು ಏಳಲಿಲ್ಲ, ನಡುಕವೂ ಬರಲಿಲ್ಲ. ಇಂಜೆಕ್ಷನ್ನಿನ ಮಂಪರಿನಲ್ಲೇ ತಂಗಿ, "ಅಕ್ಕಾ, ಇದು ಯಾರ ರಕ್ತ?" ಎಂದು ಕೇಳಿದಳು.

"ಯಾರೋ ಪುಣ್ಯಾತ್ಮರದು ಕಣೇ. ಹೆಸರು ಹೇಳೋದಿಲ್ಲವಂತೆ."

ಚೀಲ ಬರಿದಾಗುವ ಹೊತ್ತಿಗೆ, ತಿಂಗಳುಗಟ್ಟಲೆ ಸುಣ್ಣದಂತೆ ಬಿಳಿಚಿಕೊಂಡಿದ್ದ ತಂಗಿಯ ತುಟಿಗೆ ಮೆಲ್ಲಗೆ ಕೆಂಪು ಹತ್ತಿತು. ಮನೆಗೆ ಹಿರಿಯರು ಬಂದಾಗ ಏಳುವ ಹಾಗೆ, ಅಕ್ಕ ತನಗೇ ತಿಳಿಯದಂತೆ ಕುರ್ಚಿ ಬಿಟ್ಟು ಎದ್ದು ನಿಂತಳು.