ಮೂರು ಗಂಟೆಯ ಸಾಲು

ಮದುವೆಯ ವಾರ್ಷಿಕೋತ್ಸವಕ್ಕೆಂದು ಪ್ರತಿ ವರ್ಷವೂ ಸೀರೆ ತರುತ್ತಿದ್ದ ಗಂಡ ಈ ಸಲ ದಪ್ಪನೆಯ ಪ್ಲಾನರ್ ತಂದುಕೊಟ್ಟ.

"ಯಾವಾಗ ನೋಡಿದ್ರೂ ಟೈಮಿಲ್ಲ, ಟೈಮಿಲ್ಲ ಅಂತೀಯಲ್ಲ. ಇಡೀ ದಿನ ಏನೇನು ಮಾಡ್ತೀಯ ಅಂತ ಇದ್ರಲ್ಲಿ ಬರೀ. ಎಲ್ಲಿ ಹೊರೆ ಇದೆ, ಎಲ್ಲಿ ಬಿಡುವಿದೆ ಅಂತ ಇಬ್ರೂ ಕೂತು ನೋಡೋಣ."

ಬೆಳಗಿನ ಹಾಲು ಕಾಯಿಸುವುದರಿಂದ ಹಿಡಿದು ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುವವರೆಗೆ ಅವಳು ಒಂದನ್ನೂ ಬಿಡದೆ ಬರೆದಳು. ಇಷ್ಟು ವರ್ಷ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿದ್ದ ಅವಳ ಮಾತನ್ನು ಕಡೆಗೂ ಒಬ್ಬರು ಕಿವಿಗೆ ಹಾಕಿಕೊಂಡಿದ್ದರು. ಭಾನುವಾರ ಗಂಡ ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲು ಓದುತ್ತಿದ್ದರೆ ಅವಳು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಳು.

"ಅಬ್ಬಾ, ಎಷ್ಟು ದುಡೀತೀಯೇ!" ಎಂದವನ ಬೆರಳು ಒಂದು ಕಡೆ ನಿಂತಿತು. "ಮೂರು ಗಂಟೆಗೆ ಬರೀ 'ನಾನು' ಅಂತಿದೆಯಲ್ಲ, ಏನಿದು?"

ಅವಳಿಗೆ ನಾಚಿಕೆಯಾಯಿತು. "ಆಗ ನಿಂಗಮ್ಮ ಪಾತ್ರೆ ತೊಳೆಯೋಕೆ ಬರ್ತಾಳೆ. ಅದೊಂದು ಗಂಟೆ ಹಿತ್ತಲ ಮೆಟ್ಟಿಲ ಮೇಲೆ ಕಾಲು ಚಾಚ್ಕೊಂಡು ಸುಮ್ನೆ ಕೂತಿರ್ತೀನಿ ರೀ."

"ದಿನಾನೂನಾ?"

"ದಿನಾನೂ. ಅದೂ ಇಲ್ದಿದ್ರೆ ನಂಗೆ ಯಾವತ್ತೋ ಹುಚ್ಚು ಹಿಡೀತಿತ್ತು."

ಗಂಡ ಅವಳ ತಲೆ ಸವರಿದ. ಪ್ಲಾನರ್ ಮುಚ್ಚಿಟ್ಟು, ನಡುಮನೆಯಲ್ಲಿದ್ದ ತಾಯಿಗೆ ಕೇಳುವಂತೆ ಕೂಗಿದ.

"ಅಮ್ಮಾ, ನೀನು ಹೇಳಿದ್ದೇ ಸರಿ. ನಿಂಗಮ್ಮಂಗೆ ನಾಳೆಯಿಂದ ಬರಬೇಡ ಅಂದ್ಬಿಡು."