ಕೀಲಿ ಬೇಡದ ಮಷೀನು

ಬಂಡೆಯ ಕುಳಿಗಳಿಗೆಲ್ಲ ಮದ್ದು ತುಂಬಿ, ಡಿಟೊನೇಟರ್ ತಂತಿಗಳನ್ನು ಮೇಲಿನ ಶೆಡ್ಡಿನವರೆಗೆ ಎಳೆದು ತಂದಾಗಿತ್ತು. ಸಿಡಿಸುವ ಮಷೀನಿನ ಕೀಲಿ ಮಾತ್ರ ಸಿಗಲಿಲ್ಲ. ಪಡುವಣದಲ್ಲಿ ಮಿಂಚು ಕಂಡೊಡನೆ ಯಮನೂರಪ್ಪ ಶೆಡ್ಡನ್ನೆಲ್ಲ ತಡಕಾಡತೊಡಗಿದ. ಸಿಡಿಲೇನಾದರೂ ಹತ್ತಿರದಲ್ಲಿ ಬಿದ್ದರೆ ಮದ್ದು ತಾನಾಗಿಯೇ ಹಾರುತ್ತದೆ, ಕ್ವಾರಿಗೆ ಹೊಂದಿಕೊಂಡೇ ಬಸ್ಸಿನ ರಸ್ತೆ.

"ಎಷ್ಟೊತ್ತರೀ ರಸ್ತೆ ತಡೀಲಿ? ಬಸ್ಸಿನ ಮಂದಿ ಮೈಮ್ಯಾಲ ಬರಾಕ ಹತ್ಯಾರ," ಎಂದು ಕೆಂಪು ಬಾವುಟ ಹಿಡಿದ ಫಕೀರಪ್ಪ ದೂರದಿಂದ ಕೂಗಿದ.

"ಇನ್ನೊಂದೀಟು ತಡಿಯೋ, ನಿನ್ನ ಕಾಲು ಬೀಳ್ತೀನಿ."

ಅಂಗಿ ಕೊಡವಿದ, ಪೆಟ್ಟಿಗೆ ಬೋರಲು ಹಾಕಿದ. "ಕೀಲಿ ಎಲ್ಲಿ ಒಗದು ಊಟಕ್ಕ ಹೋದನೋ ನಮ್ಮ ಗ್ಯಾನಪ್ಪ," ಎಂದು ತಮ್ಮನಿಗೆ ಶಾಪ ಹಾಕಿದ. ಕೊನೆಗೆ ಮೂಲೆಯಲ್ಲಿದ್ದ ಅಪ್ಪನ ಕಾಲದ ಮಷೀನನ್ನು ಎಳೆದು ತಂದು ತಂತಿ ಸಿಕ್ಕಿಸಿದ. ಅದಕ್ಕೆ ಕೀಲಿಯ ಹಂಗಿಲ್ಲ, ಹಿಡಿ ತಿರುವಿದರೆ ಆಯಿತು. ಸೈರನ್ ಕೂಗಿಸಿ, ಕಣ್ಣು ಮುಚ್ಚಿ ತಿರುವಿದ. ಬಂಡೆಯ ಗೋಡೆ ಇಡಿಯಾಗಿ ಕುಸಿಯಿತು.

ಬಸ್ಸು ದಾಟಿಸಿ ಫಕೀರಪ್ಪ ನಗುತ್ತ ಬಂದ.

"ಅಂತೂ ಗ್ಯಾನಪ್ಪ ಮ್ಯಾಲ ಬಂದು ಕೀಲಿ ಕೊಟ್ಟನಲ್ಲ, ಬದುಕಿದ್ವಿ. ತಂತಿ ಸಡ್ಲ ಆಗೇತಿ, ನೋಡಿ ಬರ್ತೀನಿ ಅಂತ ಕೆಳಗ ಇಳಿಯಾಕ ಹತ್ತಿದ್ದ. ಸೈರನ್ ಆದ್ರ ಏನ್ ಮಾಡ್ತಿಯೋ ಅಂದೆ. 'ಇಳಿಯಾವ ಕೀಲಿ ಕಿಸೇದಾಗ ಇಟ್ಕೊಂಡ ಇಳೀಬೇಕು ಅಂತ ನಮ್ಮಣ್ಣನೇ ಕಲಿಸ್ಯಾನ, ನಾ ಮ್ಯಾಲ ಬರೂತನಕ ಸಿಡಿಸಾವರು ಯಾರು' ಅಂದ."