ಕಸವೇ ಇಲ್ಲದ ಮನೆ

ಇಡೀ ದಿನದಲ್ಲಿ ಪಂಪಣ್ಣನನ್ನು ಮಾತಾಡಿಸುವವಳೆಂದರೆ ಕಸದ ಗಾಡಿಯ ದ್ಯಾಮವ್ವ ಒಬ್ಬಳೇ. ಅವಳು ಹೇಳಿಕೊಟ್ಟಂತೆ ಅವನು ಕಾಯಿಪಲ್ಲೆಯ ಸಿಪ್ಪೆಯನ್ನೆಲ್ಲ ಗೊಬ್ಬರ ಮಾಡಿದ, ಪ್ಲಾಸ್ಟಿಕ್ ತರುವುದನ್ನೇ ಬಿಟ್ಟ. ಅವಳು ಶಹಬ್ಬಾಸ್ ಎಂದಾಗಲೆಲ್ಲ ಮಗುವಿನಂತೆ ಹಿಗ್ಗಿದ. ಕೊನೆಗೊಂದು ದಿನ ನಗರಸಭೆಯವರು ಬಂದು, ‘ಕಸವೇ ಇಲ್ಲದ ಮನೆ’ ಎಂದು ಬರೆದ ಫಲಕವನ್ನು ಅವನ ಬಾಗಿಲಿಗೆ ಜಡಿದು ಚಪ್ಪಾಳೆ ತಟ್ಟಿದರು.

“ಭಾಳ ಚಲೋ ಆತ್ರೀ ಅಣ್ಣಾರ,” ಎಂದಳು ದ್ಯಾಮವ್ವ. “ಫಲಕ ಇದ್ದ ಮನಿ ಬಿಟ್ಟು ಮುಂದ ಹೋಗು ಅಂದಾರ. ನಾಳಿಂದ ಗಾಡಿ ಇಲ್ಲಿ ನಿಲ್ಲಂಗಿಲ್ರೀ.”

ಮರುದಿನ ಬೆಳಿಗ್ಗೆ ಗಾಡಿಯ ಸದ್ದು ಕೇಳುತ್ತಲೇ ಪಂಪಣ್ಣ ಬೀದಿಗೆ ಓಡಿಬಂದು ಅಡ್ಡ ನಿಂತ.

“ಯಾಕ್ರೀ ಅಣ್ಣಾರ? ನಿಮ್ಮ ಮನ್ಯಾಗ ಕಸ ಎಲ್ಲೈತ್ರೀ?”

“ಒಣ ಕಸ ಐತಿ ತಂಗಿ,” ಎನ್ನುತ್ತ ಅವನು ಬಾಗಿಲಿನಿಂದ ಕಿತ್ತು ತಂದ ಫಲಕವನ್ನು ಅವಳ ಬುಟ್ಟಿಗೆ ಹಾಕಿದ.